ಎಡಗಡೆಯ ಭಾರ

ಸುತ್ತಿ ಕಟ್ಟಿದ ಹಾಸಿಗೆ ಎರಡನೇ ಸಲವೂ ನೆಲಕ್ಕೆ ಬಿತ್ತು. ಈ ಸಲ ಬೀಳುವಾಗ ಮಂಚದ ಪಕ್ಕದಲ್ಲಿದ್ದ ನೀರಿನ ಚೊಂಬನ್ನೂ ಜೊತೆಗೆ ಕರೆದುಕೊಂಡೇ ಬಿತ್ತು. ಚೊಂಬು ಟಣಟಣ ಎನ್ನುತ್ತಾ ಬಾಗಿಲ ತನಕ ಉರುಳಿ, ಹೊಸಿಲಿಗೆ ಬಡಿದು ನಿಂತಿತು.

"ಏನ್ರೀ ಅದು ಸದ್ದು?" ಅಡುಗೆಮನೆಯಿಂದ ಹೆಂಡತಿ ಕೂಗಿದಳು.

"ಏನಿಲ್ಲ. ಬೆಕ್ಕು."

"ನಮ್ಮನೇಲಿ ಬೆಕ್ಕು ಯಾವಾಗಿಂದ ಇದೆ?"

ಕಂಬ ಮಂಚದ ಅಂಚಿನಲ್ಲಿ ಕೂತು ಬಲಗೈಯಿಂದ ಎಡ ಭುಜವನ್ನು ಅದುಮಿ ಹಿಡಿದುಕೊಂಡ. ಕಂಬ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಧಾನ್ಯದ ಗೋದಾಮಿನಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಎರಡೂ ಹೆಗಲಿಗೆ ಒಂದೊಂದು ಮೂಟೆ ಏರಿಸಿಕೊಂಡು ಅಲುಗಾಡದೆ ನಿಂತಿದ್ದವನನ್ನು ನೋಡಿ ಅಲ್ಲಿನ ಮೇಸ್ತ್ರಿ ಹಾಗೆ ಕರೆದಿದ್ದ. ಅಂದಿನಿಂದ ಬೀದಿಗೆಲ್ಲ ಅವನು ಕಂಬವೇ. 'ಕಂಬದ ಹೆಂಡತಿ' ಎಂದು ಯಾರಾದರೂ ಅಂದರೆ ಮದುವೆಯಾದ ಹೊಸದರಲ್ಲಿ ಅವಳು ಮುನಿಸಿಕೊಳ್ಳುತ್ತಿದ್ದಳು. ಆಮೇಲಾಮೇಲೆ ಅವಳೇ ಅಂಗಡಿಯಲ್ಲಿ ಹಾಗೆ ಹೇಳಿ ಸಾಮಾನು ತರತೊಡಗಿದಳು.

ಈಗ ಕಂಬಕ್ಕೆ ಒಳಗಿನಿಂದ ಗೆದ್ದಲು ಹಿಡಿದಿತ್ತು. ಹೊರಗಿನವರಿಗೆ ಗೊತ್ತಿರಲಿಲ್ಲ, ಅಷ್ಟೆ. ಹಿಂದಿನ ತಿಂಗಳು ಲಾರಿಯಿಂದ ಮೂಟೆ ಇಳಿಸುವಾಗ ಮೇಲಿನದೊಂದು ಜಾರಿತ್ತು. ಬಿದ್ದರೆ ಬೀಳಲಿ ಎಂದು ಸರಿದು ನಿಲ್ಲುವ ಬದಲು ಎಡಗೈ ಕೊಟ್ಟು ತಡೆದಿದ್ದ. ಆವತ್ತಿನಿಂದ ಆ ಕೈ ಎದೆಯಿಂದ ಮೇಲಕ್ಕೆ ಏಳಲು ಒಲ್ಲೆ ಎನ್ನುತ್ತಿತ್ತು. ಗೋದಾಮಿನಲ್ಲಿ ಚಿಂತೆಯಿರಲಿಲ್ಲ, ವಯಸ್ಸಾಯಿತೆಂದು ಅವನಿಗೆ ಈಗೀಗ ಹೆಚ್ಚಾಗಿ ಚೀಲದ ಬಾಯಿ ಹೊಲಿಯುವ ಕೆಲಸವನ್ನೇ ಕೊಡುತ್ತಿದ್ದರು. ಚಿಂತೆ ಇದ್ದದ್ದು ನಾಳೆಯದು.

ನಾಳೆ ಸಬ್ಬತ್ತು, ಹಿಂದಿನ ಸಂಜೆಯ ದೀಪದಿಂದಲೇ ಕೆಲಸವೆಲ್ಲ ನಿಲ್ಲುವ ಪವಿತ್ರ ದಿನ. ಆ ಊರಿನಲ್ಲಿ ಅವರ ಯೆಹೂದಿ ಮನೆಗಳು ಬೆರಳೆಣಿಕೆಯವು. ಎಣ್ಣೆ ಗಾಣದ ಹಿಂದಿನ ಓಣಿಯಲ್ಲಿ, ಮೆಟ್ಟಿಲು ಹತ್ತಿ ಹೋಗುವ ಮಹಡಿಯ ಮೇಲೆ ಪ್ರಾರ್ಥನೆಯ ಮನೆ. ಸಬ್ಬತ್ತಿನ ಬೆಳಿಗ್ಗೆ ಅಲ್ಲಿ ತಮ್ಮ ಧರ್ಮಗ್ರಂಥ ತೋರಾ ಓದುತ್ತಾರೆ. ಅದು ಪುಸ್ತಕವಲ್ಲ, ಚರ್ಮದ ಹಾಳೆಗಳನ್ನು ಒಂದಕ್ಕೊಂದು ಹೊಲಿದು, ಕೈಯಲ್ಲಿ ಬರೆದು, ಎರಡು ಮರದ ಕೋಲುಗಳಿಗೆ ಸುತ್ತಿದ ಸುರುಳಿ. ಓದಾದ ಮೇಲೆ ಒಬ್ಬ ಅದನ್ನು ಬಿಡಿಸಿ ಹಿಡಿದು, ತಲೆಯ ಮೇಲಕ್ಕೆ ಎತ್ತಿ, ಸುತ್ತಲಿನ ಜನಕ್ಕೆಲ್ಲ ಅಕ್ಷರ ಕಾಣುವ ಹಾಗೆ ತಿರುಗಬೇಕು. ಮೀಸೆ ಮೂಡಿದಾಗಿನಿಂದ ಆ ಕೆಲಸ ಕಂಬನದು.

ಎಲ್ಲ ವಾರವೂ ಭಾರ ಒಂದೇ ತರಹ ಇರುವುದಿಲ್ಲ. ವರ್ಷದ ಕೊನೆಯಲ್ಲಿ ಓದಿ ಮುಗಿದದ್ದೆಲ್ಲ ಬಲಗಡೆಯ ಕೋಲಿಗೆ ಸುತ್ತಿಕೊಂಡಿರುತ್ತದೆ. ನಡುವರ್ಷದಲ್ಲಿ ಎರಡೂ ಕಡೆ ಸಮ. ಆಗ ಯಾರು ಬೇಕಾದರೂ ಎತ್ತಬಹುದು. ಆದರೆ ಓದು ಮತ್ತೆ ಮೊದಲಿನಿಂದ ಶುರುವಾಗುವ ವಾರ, ಇಡೀ ಸುರುಳಿ ಎಡಗಡೆಯ ಕೋಲಿನ ಮೇಲಿರುತ್ತದೆ. ಬಲಗೈಯಲ್ಲಿ ಹೆಸರಿಗೆ ಒಂದು ಸುತ್ತು, ಎಡಗೈಯಲ್ಲಿ ಪ್ರಪಂಚದ ಭಾರ. ನಾಳೆಯದು ಆ ವಾರ. ಅದಕ್ಕೇ ಅವನು ಮಧ್ಯಾಹ್ನದಿಂದ ಹಾಸಿಗೆಯನ್ನೆಲ್ಲ ಒಂದು ಪೊರಕೆ ಕೋಲಿಗೆ ಸುತ್ತಿ, ಹೊದಿಕೆಯ ತುದಿಯನ್ನು ಇನ್ನೊಂದಕ್ಕೆ ಕಟ್ಟಿ, ಬಾಗಿಲು ಮುಂದೆ ಮಾಡಿಕೊಂಡು ಅಭ್ಯಾಸ ಮಾಡುತ್ತಿದ್ದದ್ದು.

ಹೆಂಡತಿ ಬಾಗಿಲು ತಳ್ಳಿಕೊಂಡು ಬಂದು ನಿಂತಳು. ಕೈಗೆ ಹಿಟ್ಟು ಮೆತ್ತಿತ್ತು. ಹಾಸಿಗೆ, ಕೋಲು, ಚೊಂಬು, ಗಂಡ, ಒಂದೊಂದನ್ನೂ ಸಾವಧಾನವಾಗಿ ನೋಡಿದಳು.

"ಬೆಕ್ಕು ದೊಡ್ಡದೇ ಇದೆ," ಎಂದಳು.

"ಸುಮ್ಮನೆ ನೋಡ್ತಿದ್ದೆ."

"ನಾನೂ ಸುಮ್ಮನೆ ನೋಡ್ತಾನೇ ಇದ್ದೀನಿ ಇಷ್ಟು ದಿನದಿಂದ. ಅಂಗಿ ಹಾಕ್ಕೊಳ್ಳೋವಾಗ ಮೊದಲು ಎಡಗೈ ತೂರಿಸ್ತೀರಿ. ಮೇಲಿನ ಹಲಗೆಯಿಂದ ಡಬ್ಬ ತೆಗೆದುಕೊಡಿ ಅಂದರೆ 'ನೀನೇ ಸ್ಟೂಲು ಹಾಕ್ಕೊ' ಅಂತೀರಿ. ಆ ಎಡಗೈ ಏನು, ಮೊದಲ ಸಲ ಮನೆಗೆ ಬಂದ ಅಳಿಯನಾ? ಬಂದು ಕೂತಿದೆ, ಒಂದು ಕೆಲಸ ಮುಟ್ಟೋದಿಲ್ಲ."

"ಸ್ವಲ್ಪ ಉಳುಕಿದೆ. ಎಣ್ಣೆ ಹಚ್ಚಿದರೆ ಹೋಗುತ್ತೆ."

"ಅಳಿಯ ಅಂದ ಮೇಲೆ ನೆನಪಾಯ್ತು. ನಾಳೆ ಎತ್ತೋಕೆ ಅವನಿಗೇ ಹೇಳಿ. ಬೇಕರಿಯಲ್ಲಿ ದಿನಾ ಹಿಟ್ಟು ನಾದಿ ನಾದಿ ತೋಳು ಹೇಗಿದೆ ನೋಡಿದೀರಾ?"

"ಹಿಟ್ಟು ನಾದೋದೂ ಅದೂ ಒಂದೇ ಏನೇ? ಅವನಿಗೇನು ಗೊತ್ತು ಎತ್ತೋದು?"

"ನಿಮಗೆ ಹುಟ್ಟುತ್ತಲೇ ಗೊತ್ತಿತ್ತಾ?"

ಅವನು ಬಗ್ಗಿ ಚೊಂಬು ಎತ್ತಿಟ್ಟ. ಬಲಗೈಯಲ್ಲೇ. ಆಮೇಲೆ ಅವಳ ಮುಖ ನೋಡದೆ ಹೇಳಿದ: "ನಾಳೆ ನೀನು ಬರಬೇಡ. ಕಾಲು ನೋವು ಅಂತಿದ್ದೆಯಲ್ಲ. ಮನೇಲಿರು."

"ಯಾಕೆ? ಬೀಳುತ್ತೆ ಅಂತ ನಿಮಗೇ ಅನಿಸಿದೆಯಾ?"

ಸುರುಳಿ ಕೈಜಾರಿ ನೆಲ ಮುಟ್ಟಿದರೆ ಬೀಳಿಸಿದವನೊಬ್ಬನೇ ಅಲ್ಲ, ಕಣ್ಣಾರೆ ಕಂಡವರೆಲ್ಲ ಉಪವಾಸ ಹಿಡಿಯಬೇಕು. ಒಂದು ದಿನಕ್ಕೆ ಮುಗಿಯುವುದಲ್ಲ, ವಾರವಾರವೂ, ತಿಂಗಳುಗಟ್ಟಲೆ. ಹೆಂಡತಿಗೆ ಸಕ್ಕರೆ ಕಾಯಿಲೆ. ಹೋದ ವರ್ಷ ಊಟ ತಡವಾಗಿ ನಲ್ಲಿಯ ಹತ್ತಿರ ಬಿದ್ದವಳನ್ನು ನೆರೆಯವರು ಎತ್ತಿಕೊಂಡು ಬಂದಿದ್ದರು. ಒಂದು ಹೊತ್ತು ತಪ್ಪಿಸಿದರೂ ಸರಿಯಿಲ್ಲಮ್ಮ ಎಂದು ಡಾಕ್ಟರು ಗದರಿಸಿ ಹೇಳಿದ್ದರು.

"ನಾನು ಬರೋಳೇ," ಎಂದಳು ಅವಳು. "ಕಣ್ಣುಬಿಟ್ಟು ನೋಡೋಳೇ. ಬಿದ್ದರೆ ಎಲ್ಲರ ಜೊತೆ ಉಪವಾಸ ಮಾಡೋಳೇ. ಕಾಯಿಲೆಯವಳಿಗೆ ಬೇಡ ಅಂತ ಗುರುಗಳು ಹೇಳ್ತಾರೆ, ಗೊತ್ತು. ನಾನು ಕೇಳೋಳಲ್ಲ, ಅದೂ ನಿಮಗೆ ಗೊತ್ತು. ಯೋಚನೆ ಮಾಡಿ ಎತ್ತಿ." ಹೀಗೆ ಹೇಳಿ ಹಿಟ್ಟಿನ ಕೈಯಲ್ಲೇ ಮೂಗುಜ್ಜಿಕೊಂಡು ಒಳಗೆ ಹೋದಳು.

ಹೊತ್ತು ಇಳಿಯುವ ಮುಂಚೆ ದರ್ಜಿ ಬಂದ. ದರ್ಜಿಯೂ ಕಂಬನೂ ಒಂದೇ ಓಣಿಯಲ್ಲಿ ಗೋಲಿ ಆಡಿದವರು. ಒಬ್ಬ ತೆಂಗಿನ ಮರದ ಹಾಗೆ ಬೆಳೆದ, ಇನ್ನೊಬ್ಬ ಬೆಳೆಯುವುದನ್ನು ನಡುವೆಯೇ ಮರೆತುಬಿಟ್ಟ. ಪ್ರಾರ್ಥನೆಯ ಮನೆಯಲ್ಲಿ ಕಂಬ ಎತ್ತಿ ಇಳಿಸಿದ ಸುರುಳಿಯನ್ನು ಮಡಿಚಿ ಸುತ್ತಿ, ಪಟ್ಟಿ ಕಟ್ಟಿ, ಅದರ ಮಖಮಲ್ಲಿನ ಅಂಗಿ ತೊಡಿಸುವುದು ದರ್ಜಿಯ ಪಾಲಿನ ಕೆಲಸ. ಆ ಅಂಗಿಯ ಒಳಬಟ್ಟೆ ಹರಿದಿತ್ತೆಂದು ಹೊಸದು ಹಾಕಿ ತಂದಿದ್ದ. ದಾರಿಯಲ್ಲಿ ಇವನಿಗೊಂದು ಸಲ ತೋರಿಸಿ ಹೋಗೋಣ ಎಂದು.

"ಏನೋ ಕಂಬ, ಮೂತಿ ಸೊಟ್ಟಗಿದೆ?"

"ಚೆನ್ನಾಗಿದೆ ಅಂಗಿ."

"ಅಂಗಿಯ ಮೂತಿ ಕೇಳಲಿಲ್ಲ, ನಿನ್ನದು ಕೇಳಿದೆ. ಎದ್ದು ನಿಲ್ಲು ನೋಡೋಣ." ದರ್ಜಿ ಕೊರಳಲ್ಲಿದ್ದ ಅಳತೆ ಪಟ್ಟಿಯನ್ನು ತೆಗೆದು, ಸ್ಟೂಲು ಹತ್ತಿ, ಅವನ ಕತ್ತಿನಿಂದ ಭುಜದ ತನಕ ಆ ಕಡೆ ಈ ಕಡೆ ಹಿಡಿದ. "ಎರಡು ಬೆರಳು ಇಳಿದಿದೆ ಎಡಗಡೆ. ನನ್ನ ಹತ್ತಿರವೂ ಮುಚ್ಚಿಡ್ತೀಯಾ?"

"ನಿನಗೆ ಅವಳು ಹೇಳಿದಳಾ?"

"ನಿನ್ನ ಅಂಗಿ ಹೇಳಿತು. ವರ್ಷಾವರ್ಷ ಈ ದಿನಗಳಲ್ಲಿ ಸುರುಳಿ ಎತ್ತಿ ಎತ್ತಿ ನಿನ್ನ ಬಗಲ ಹೊಲಿಗೆ ಬಿಟ್ಟುಕೊಂಡು ನನ್ನ ಹತ್ತಿರ ಬರುತ್ತೆ. ಈ ಸಲ ಬರಲಿಲ್ಲ. ನೀನು ಕೈ ಎತ್ತುತ್ತಾ ಇಲ್ಲ ಅಂತ ಆಗಲೇ ಅಂದುಕೊಂಡೆ. ಹೋದ ವಾರ ಭಾರವೆಲ್ಲ ಬಲಗಡೆ ಇತ್ತು, ಪಾರಾದೆ. ನಾಳೆ ಏನು ಮಾಡ್ತೀಯ?"

"ಎತ್ತುತ್ತೀನಿ."

"ಏನಿಂದ? ಮೀಸೆಯಿಂದಲಾ?"

ಕಂಬನಿಗೆ ನಗು ಬಂತು. ನಕ್ಕರೆ ಭುಜ ನೋಯಿತು. ದರ್ಜಿ ಸ್ಟೂಲಿನಿಂದ ಇಳಿದು ಅದರ ಮೇಲೇ ಕೂತ. ಮಖಮಲ್ಲಿನ ಮೇಲೆ ಕೈಯಾಡಿಸುತ್ತಾ ದನಿ ತಗ್ಗಿಸಿ ಕೇಳಿದ: "ನೀರಿನ ತಾತನ ನೆನಪಿದೆಯೇನೋ?"

ನೆನಪಿಲ್ಲದೆ ಏನು? ಆಗಿನ್ನೂ ಪ್ರಾರ್ಥನೆಯ ಮನೆಯ ಬೆಂಚುಗಳು ತುಂಬಿರುತ್ತಿದ್ದವು. ತಡವಾಗಿ ಬಂದವರು ಗೋಡೆಗೊರಗಿ ನಿಲ್ಲುತ್ತಿದ್ದರು. ಹೆಂಗಸರು ಬೇರೆಯಾಗಿ ಕೂರುವ ಜಾಲರಿಯ ಹಿಂದಿನಿಂದ ಬಳೆ ಸದ್ದು, ಮಕ್ಕಳ ಅಳು, ಅಳು ನಿಲ್ಲಿಸುವವರ ಉಶ್ ಉಶ್ ಎಲ್ಲ ಸೇರಿ ಗುರುಗಳು ಮೇಜು ಬಡಿಯಬೇಕಾಗುತ್ತಿತ್ತು. ಕಂಬನ ಅಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು, ಸುರುಳಿ ಮೇಲೆದ್ದಾಗ ಕಿರುಬೆರಳು ತೋರಿಸಿ ಹೇಳುತ್ತಿದ್ದ: "ನೋಡ್ಕೋ, ಅದರಲ್ಲಿ ಒಂದು ಅಕ್ಷರ ನಿನ್ನದು. ಪ್ರತಿಯೊಬ್ಬನಿಗೂ ಒಂದೊಂದು ಇದೆಯಂತೆ." ಯಾವುದಪ್ಪಾ ನನ್ನದು ಎಂದರೆ ಅಪ್ಪನಿಗೂ ಗೊತ್ತಿಲ್ಲ. ಅಪ್ಪನೂ ಹಮಾಲಿಯೇ, ಓದು ಬಾರದವನೇ. "ಅಕ್ಷರ ಬಂದವರು ಓದಲಿ. ನಮಗೆ ಬರೋದು ಎತ್ತೋದು. ಅದನ್ನಾದರೂ ನೆಟ್ಟಗೆ ಮಾಡೋಣ," ಎನ್ನುತ್ತಿದ್ದ.

ಆಗ ಎತ್ತುತ್ತಿದ್ದವನು ನೀರಿನ ತಾತ. ಹೆಗಲ ಮೇಲೆ ಅಡ್ಡೆ, ಅದರ ಎರಡು ತುದಿಗೂ ತಗಡಿನ ಡಬ್ಬ. ಒಂದು ಹನಿ ಚೆಲ್ಲದ ಹಾಗೆ ಮನೆಮನೆಗೆ ನೀರು ಹಾಕುತ್ತಿದ್ದ. ಮುದುಕನಾದ, ಕೈ ನಡುಗಲು ಶುರುವಾಯಿತು, ಆದರೂ ಯಾರಿಗೂ ಬಿಟ್ಟುಕೊಡಲಿಲ್ಲ. ಒಂದು ವರ್ಷ ಇಂಥದೇ ಮೊದಲ ವಾರ, ತಲೆಯ ಮೇಲೆ ಎತ್ತಿ ಅರ್ಧ ತಿರುಗಿದ್ದ, ಎಡಗೈ ಬಿಟ್ಟುಹೋಯಿತು. ಸುರುಳಿ ಬಿಚ್ಚಿಕೊಂಡು ನೆಲದ ಮೇಲೆ ಉದ್ದಕ್ಕೆ ಉರುಳಿಕೊಂಡು ಹೋದದ್ದನ್ನು ಕಂಬ ಇಂದಿಗೂ ಕಣ್ಣು ಮುಚ್ಚಿದರೆ ಕಾಣುತ್ತಾನೆ. ಯಾರೂ ನಿಂತಲ್ಲಿಂದ ಅಲುಗಲಿಲ್ಲ. ಕೊನೆಗೆ ಹೋಗಿ ಎತ್ತಿದವನು, ಆಗಷ್ಟೇ ಗೋದಾಮು ಸೇರಿದ್ದ ಕಂಬ. ಮುಂದಿನ ವಾರ ಎತ್ತಲು ಅವನನ್ನೇ ಕರೆದರು. ಹಾಗೆ ಅದು ಅವನದಾಯಿತು.

ನೀರಿನ ತಾತನನ್ನು ಒಬ್ಬರೂ ಬೈಯಲಿಲ್ಲ. ಕಂಡವರೆಲ್ಲ ಉಪವಾಸ ಹಿಡಿದರು. ಬಾಣಂತಿಯರು, ಮುದುಕಿಯರು ತಮ್ಮ ಬದಲು ಗಂಡುಮಕ್ಕಳಿಂದ ಒಂದೊಂದು ದಿನ ಹೆಚ್ಚು ಮಾಡಿಸಿದರು. ಸಂಜೆ ಉಪವಾಸ ಬಿಡುವ ಹೊತ್ತಿಗೆ, ಪಾಪ ಅವನೊಬ್ಬನೇ ಕೂತಿರುತ್ತಾನೆ ಎಂದು ಪ್ರತಿ ಸಲವೂ ಯಾರಾದರೊಬ್ಬರು ರೊಟ್ಟಿ ಕಟ್ಟಿಕೊಂಡು ಅವನ ಮನೆಗೇ ಹೋಗಿ ಕೂತು ತಿನ್ನುತ್ತಿದ್ದರು. ಉಪವಾಸದ ದಿನಗಳೆಲ್ಲ ಮುಗಿದ ಮೇಲೆ ತಾತ ಗಂಟು ಕಟ್ಟಿದ. ಮಗಳ ಊರಿಗೆ ಹೊರಟ ಅವನ ಗಂಟನ್ನು ಗಾಡಿಗೆ ಏರಿಸಿದವನೂ ಕಂಬನೇ.

"ಬೈದಿದ್ದರೆ ಇಲ್ಲೇ ಇರ್ತಿದ್ದೆ ಮಗಾ," ಎಂದಿದ್ದ ಗಾಡಿಯ ಮೇಲಿನಿಂದ. "ಇಷ್ಟು ಒಳ್ಳೇತನ ಹೊರೋಕೆ ನನ್ನ ಕೈಲಾಗಲ್ಲ."

ಕಂಬನಿಗೆ ಆಗ ಆ ಮಾತು ಅರ್ಥವಾಗಿರಲಿಲ್ಲ. ಅವನು ಆಗ ಅಂದುಕೊಂಡದ್ದು ಇಷ್ಟೇ: ನನಗೆ ಈ ಗತಿ ಬರಲ್ಲ.

"ನೆನಪಿದೆ," ಎಂದ ಈಗ ದರ್ಜಿಗೆ.

"ಹಾಗಾದರೆ ಗುರುಗಳಿಗೆ ಒಂದು ಮಾತು ಹೇಳು. ಅಳಿಯ ಎತ್ತಲಿ."

"ಹೇಳಿದ ಮೇಲೆ ನಾನೇನು ಮಾಡಲಿ ಅಲ್ಲಿ? ನಿನಗೆ ಓದಕ್ಕೆ ಬರುತ್ತೆ. ಅವರಿಗೆಲ್ಲ ಬರುತ್ತೆ. ನಾನು ಬೆಂಚಿನ ಮೇಲೆ ಕೂತು ಗೋಡೆ ನೋಡಲಾ?" ಅವನ ದನಿ ಏರಿತು. "ಅಲ್ಲಿ ನನಗೆ ಇರೋದು ಅದೊಂದೇ ಕಣೋ. ಅದನ್ನೂ ಕೊಟ್ಟುಬಿಟ್ಟರೆ ಕಂಬ ಅಲ್ಲ, ಬರೀ ಹಾಳು ಮಂಟಪ."

ದರ್ಜಿ ಅಂಗಿ ಮಡಿಚಿ ಕಂಕುಳಲ್ಲಿಟ್ಟುಕೊಂಡು ಎದ್ದ. ಬಾಗಿಲಲ್ಲಿ ತಿರುಗಿ, "ಎಣ್ಣೆ ಬಿಸಿ ಮಾಡಿ ಹಚ್ಚಿಸ್ಕೋ. ದೀಪ ಹಚ್ಚೋ ಹೊತ್ತಾದರೆ ಆಮೇಲೆ ಒಲೆ ಮುಟ್ಟೋ ಹಾಗಿಲ್ಲ," ಎಂದಷ್ಟೇ ಹೇಳಿ ಹೋದ.

ಹೆಂಡತಿ ಎಣ್ಣೆ ಹಚ್ಚಿದಳು. ಆಮೇಲೆ ಕೈ ತೊಳೆದು, ಸಬ್ಬತ್ತಿನ ದೀಪ ಹಚ್ಚಿ, ಅಂಗೈಗಳಿಂದ ಕಣ್ಣು ಮುಚ್ಚಿಕೊಂಡು ನಿಂತಳು. ಯಾವಾಗಲೂ ನಿಲ್ಲುವುದಕ್ಕಿಂತ ತುಸು ಹೆಚ್ಚೇ ಹೊತ್ತು ನಿಂತಿದ್ದಳು. ಅವಳು ಏನು ಕೇಳಿಕೊಂಡಳೋ, ಅವನು ಕೇಳಲಿಲ್ಲ.

ಬೆಳಿಗ್ಗೆ ಓಣಿಯಲ್ಲಿ ಎಣ್ಣೆ ಗಾಣ ನಿಂತಿತ್ತು. ಹಿಂಡಿಯ ವಾಸನೆ ಮಾತ್ರ ಹಾಗೇ ಇತ್ತು. ಮಹಡಿಯ ಮೆಟ್ಟಿಲ ಬುಡದಲ್ಲಿ ಅಳಿಯ ಕಾಯುತ್ತಿದ್ದ. ಒಗೆದ ಅಂಗಿ, ತೀಡಿದ ತಲೆ. ಎಷ್ಟು ತಿಕ್ಕಿದರೂ ಉಗುರಿನ ಸಂದಿಯಲ್ಲಿ ಉಳಿಯುವ ಹಿಟ್ಟು.

"ಮಾವ, ಇವತ್ತು ನಾನು..."

"ನೀನು? ಏನು?"

ಅಳಿಯ ಅತ್ತೆಯ ಮುಖ ನೋಡಿದ. ಅತ್ತೆ ಮೆಟ್ಟಿಲು ನೋಡಿದಳು.

"ನಾನು ಮುಂದಿನ ಬೆಂಚಲ್ಲಿ ಕೂತ್ಕೊಳ್ಳಲಾ ಅಂತ."

"ಕೂತ್ಕೊ. ಬೆಂಚು ನಮ್ಮಪ್ಪನದಲ್ಲ," ಎಂದು ಕಂಬ ಮೆಟ್ಟಿಲು ಹತ್ತಿದ.

ಬೆಳಗಿನ ಕೀರ್ತನೆಗಳು ಅವನಿಗೆ ಬಾಯಿಪಾಠ. ಅರ್ಥ ಬಾರದಿದ್ದರೂ ಗಂಟಲು ಬಿಚ್ಚಿ ಹಾಡುತ್ತಿದ್ದ. ಎಲ್ಲರಿಗಿಂತ ಅವನ ದನಿಯೇ ಜೋರು. ಒಂದು ಸಾಲಿನ ಅರ್ಥ ಮಾತ್ರ ಗುರುಗಳು ಎಂದೋ ಹೇಳಿದ್ದು ನೆನಪಿನಲ್ಲಿ ನಿಂತಿತ್ತು: ಕುದುರೆಯ ಶಕ್ತಿ ಕಂಡು ದೇವರು ಮೆಚ್ಚುವವನಲ್ಲ, ಮನುಷ್ಯನ ಕಾಲುಗಳ ಬಲ ಅವನಿಗೆ ಬೇಕಿಲ್ಲ, ತನ್ನ ಕರುಣೆಗೆ ಕಾದು ಕೂತವರೆಂದರೆ ಅವನಿಗೆ ಇಷ್ಟ. ಆಗ ಗೋದಾಮಿನವರಿಗೆ ಹೇಳಿ ನಕ್ಕಿದ್ದ: "ಕೇಳಿದ್ರಾ, ನಮ್ಮ ಕೂಲಿ ಅಲ್ಲಿ ನಡೆಯಲ್ಲವಂತೆ." ಇವತ್ತು ಆ ಸಾಲು ಬಂದಾಗ ದನಿ ಅರ್ಧದಲ್ಲಿ ನಿಂತಿತು. ಪಕ್ಕದವನು ತಿರುಗಿ ನೋಡಿದ.

ಈ ಒಂದು ಸಲ, ಎಂದುಕೊಂಡ ಕಂಬ ಒಳಗೊಳಗೇ. ಈ ಒಂದು ಸಲ ಕೈಗೆ ಬಲ ಕೊಡು. ಮುಂದಿನ ವಾರದಿಂದ ನಾನಾಗಿಯೇ ಬಿಟ್ಟುಕೊಡ್ತೀನಿ. ಹಾಗೆ ಕೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ಸಂತೆಯಲ್ಲಿ ನಿಂತು ಚೌಕಾಸಿ ಮಾಡಿದ ಹಾಗಿತ್ತು.

ಓದು ಶುರುವಾಯಿತು. ಮೊದಲ ಬೆಳಕು, ಮೊದಲ ನೀರು, ಮೊದಲ ಗಿಡಮರ. ಗುರುಗಳು ನಡುವೆ ನಿಲ್ಲಿಸಿ ಆಡುಮಾತಿನಲ್ಲಿ ಎರಡು ಮಾತು ಹೇಳುವುದುಂಟು. "ನೆಲದ ಮಣ್ಣು ತಗೊಂಡ, ಮನುಷ್ಯನ್ನ ಮಾಡಿದ, ಮೂಗಿಗೆ ಉಸಿರು ಊದಿದ," ಎಂದರು. "ಊದಿದ ಉಸಿರು ನಮ್ಮದಲ್ಲಪ್ಪಾ, ಅವನದು. ಮಣ್ಣಾದರೂ ನಮ್ಮದಾ? ಅದೂ ಅವನದೇ. ಹಾಗಾದರೆ ನಮ್ಮದು ಏನು, ನೀವೇ ಹೇಳಿ." ಗುರುಗಳು ಉತ್ತರಕ್ಕೆ ಕಾಯಲಿಲ್ಲ. ಕನ್ನಡಕ ಸರಿಮಾಡಿಕೊಂಡು ಮತ್ತೆ ಸುರುಳಿಗೆ ಬಗ್ಗಿದರು.

ಓದು ಮುಗಿಯಿತು. ಎಂದಿನಂತೆ ಕರೆ ಬಂತು: "ಎತ್ತುವವರು ಬರಲಿ."

ಕಂಬ ಓದುವ ಮೇಜಿದ್ದ ಕಟ್ಟೆ ಹತ್ತಿದ. ಅವನ ಹಿಂದೆ, ಹೆಗಲ ಮೇಲೆ ಸುರುಳಿಗೆ ಕಟ್ಟುವ ಪಟ್ಟಿ ಹಾಕಿಕೊಂಡು ದರ್ಜಿ ಬಂದು ತನ್ನ ಜಾಗದಲ್ಲಿ ನಿಂತ. ಜನ ಎದ್ದು ನಿಂತರು. ಕಂಬ ಎರಡು ಕೋಲಿನ ಹಿಡಿಗಳನ್ನೂ ಹಿಡಿದು, ಮೂರು ಪುಟದಗಲ ಬರಹ ಕಾಣುವಂತೆ ಸುರುಳಿ ಬಿಡಿಸಿದ. ಅರ್ಧ ಭಾಗ ಮೇಜಿನ ಅಂಚಿನಿಂದ ಈಚೆ ಬರುವ ತನಕ ತನ್ನ ಕಡೆಗೆ ಎಳೆದುಕೊಂಡ. ಮಂಡಿ ಬಗ್ಗಿಸಿ ಹಿಡಿಗಳನ್ನು ಕೆಳಕ್ಕೆ ಒತ್ತಿದ. ಮೇಜಿನ ಅಂಚೇ ಸನ್ನೆಗೋಲಿನ ಆಸರೆಯಾಗಿ ಸುರುಳಿ ತಾನಾಗಿ ಎದ್ದು ನಿಂತಿತು. ಅಲ್ಲಿಯ ತನಕ ಕೈಚಳಕ. ಅಲ್ಲಿಂದ ಮುಂದೆ ಬರೀ ಬಲ.

ಮಂಡಿ ನೆಟ್ಟಗೆ ಮಾಡಿ, ಒಂದು ಹೆಜ್ಜೆ ಹಿಂದಕ್ಕೆ ಬಂದ. ಮೇಜು ದೂರವಾಯಿತು. ಎದೆಯ ಮಟ್ಟಕ್ಕೆ ಎರಡೂ ಕೈ ಬಂದವು. ಬಲಗೈ ಮೇಲಕ್ಕೆ ಹೊರಟಿತು. ಎಡಗೈ ಹಠ ಹಿಡಿದ ಕತ್ತೆಯ ಹಾಗೆ ಅಲ್ಲೇ ನಿಂತಿತು. ಚರ್ಮದ ಹಾಳೆ ಓರೆಯಾಗಿ ಬಿಗಿದುಕೊಂಡು ಕಿರ್ರೆಂದಿತು. ಭುಜದೊಳಗೆ ಯಾರೋ ಕಾದ ತಂತಿ ಎಳೆದ ಹಾಗಾಯಿತು. ಉಸಿರು ಕಟ್ಟಿ ತಳ್ಳಿದ. ಕೈ ಏಳುವ ಬದಲು ಒಂದು ಗೇಣು ಇಳಿಯಿತು. ಅಂಗೈ ಬೆವೆತು ಹಿಡಿ ಬೆರಳುಗಳ ನಡುವೆ ಮೆಲ್ಲಗೆ ತಿರುಗತೊಡಗಿತು.

ಜಾಲರಿಯ ಹಿಂದೆ ಒಂದು ಬಳೆಯೂ ಸದ್ದು ಮಾಡಲಿಲ್ಲ.

ಇನ್ನೊಂದು ಸಲ ತಳ್ಳಿದರೆ ಏರಬಹುದು, ಇಲ್ಲವೇ ಬಿಟ್ಟುಹೋಗಬಹುದು ಎಂದು ಅವನ ಕೈಗೆ ತಿಳಿಯಿತು. ಮೂಟೆ ಹೊತ್ತವನ ಕೈಗೆ ಅಷ್ಟು ಮುಂಚಿತವಾಗಿ ತಿಳಿಯುತ್ತದೆ. ಅವನು ತಳ್ಳಲಿಲ್ಲ.

"ದರ್ಜೀ," ಎಂದ. ದನಿ ಅವನದೆಂದು ಅವನಿಗೇ ಗುರುತು ಸಿಗಲಿಲ್ಲ. "ಹಿಡಿಯೋ. ನನ್ನ ಕೈಲಿ ಆಗ್ತಿಲ್ಲ."

ಎಲ್ಲರಿಗೂ ಕೇಳಿಸಿತು. ಅಷ್ಟು ದೊಡ್ಡ ಮನುಷ್ಯನ ಬಾಯಿಂದ ಅಂಥ ಮಾತನ್ನು ಆ ಮನೆಯ ಗೋಡೆಗಳು ಕೇಳಿದ್ದು ಅದೇ ಮೊದಲು. ಮುಂದಿನ ಬೆಂಚಿನಿಂದ ಅಳಿಯ ಎದ್ದು ಓಡಿಬಂದು, ನಡೆಯಲು ಕಲಿಯುವ ಮಗುವಿನ ಹಿಂದೆ ನಿಲ್ಲುವ ಹಾಗೆ ಎರಡೂ ಕೈ ಚಾಚಿಕೊಂಡು ಮಾವನ ಬೆನ್ನ ಹಿಂದೆ ನಿಂತ. ಅಷ್ಟರಲ್ಲಿ ದರ್ಜಿ ನುಗ್ಗಿ, ಕಂಬನ ಎಡ ಮುಷ್ಟಿಯ ಕೆಳಗೆ ತನ್ನ ಎರಡೂ ಅಂಗೈ ಒಡ್ಡಿದ್ದ.

"ಅಯ್ಯಯ್ಯಪ್ಪಾ, ಇಷ್ಟು ಭಾರವೇನೋ ಇದು?" ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದ. "ಹೂವಿನ ಬುಟ್ಟಿ ಎತ್ತಿದ ಹಾಗೆ ಎತ್ತುತ್ತಿದ್ದೆಯಲ್ಲೋ ಪಾಪಿ, ಒಂದು ದಿನ ಬಾಯಿ ಬಿಟ್ಟು ಹೇಳಬಾರದಾ?"

"ಸುಮ್ಮನೆ ಹಿಡಿಯೋ."

"ಹಿಡಿದಿದ್ದೀನಿ. ನೀನು ಬಿಟ್ಟುಬಿಡಬೇಡ."

"ನೀನೂ ಬಿಡಬೇಡ."

ಇಬ್ಬರೂ ಸೇರಿ ಎತ್ತಿದರು. ಆದರೆ ದರ್ಜಿಯ ಎತ್ತರಕ್ಕೆ ಎಷ್ಟು ಸಿಗಬೇಕೋ ಅಷ್ಟೇ ಸಿಕ್ಕಿತು. ಸುರುಳಿ ತಲೆಯ ಮೇಲಕ್ಕೆ ಹೋಗಲಿಲ್ಲ. ಕಂಬನ ಗಲ್ಲದ ಮಟ್ಟದಲ್ಲಿ, ಒಂದು ಕಡೆ ವಾಲಿಕೊಂಡು ನಿಂತಿತು. ಜೋಡಿ ಸರಿಯಿಲ್ಲದ ಎತ್ತುಗಳ ಹಾಗೆ ಒಬ್ಬರ ಕಾಲು ಒಬ್ಬರು ತುಳಿಯುತ್ತಾ ತಿರುಗಿದರು. ಎಂದಿನಂತೆ ಮೇಲೆ ನೋಡುತ್ತಿದ್ದ ಜನಕ್ಕೆ ಮೊದಲು ಏನೂ ಕಾಣಿಸಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ತುದಿಗಾಲಲ್ಲಿ ನಿಂತು, "ಕಾಣಿಸ್ತಿಲ್ಲ," ಎಂದ.

"ಕಾಣಿಸದಿದ್ದರೆ ಹತ್ತಿರ ಬನ್ನಿ," ಎಂದರು ಗುರುಗಳು.

ಜನ ಬೆಂಚುಗಳ ಸಂದಿಯಿಂದ ಈಚೆ ಬಂದರು. ಕಟ್ಟೆಯ ಸುತ್ತ ಒತ್ತಾಗಿ ನಿಂತರು. ಎತ್ತಿದಾಗ ಎಲ್ಲರೂ ಒಟ್ಟಿಗೆ ಹೇಳಬೇಕಾದ ಮಾತು ಆ ದಿನ ಒಬ್ಬೊಬ್ಬರ ಬಾಯಿಂದ ಹಿಂದೆ ಮುಂದೆಯಾಗಿ ಬಂತು. ಕಿರುಬೆರಳುಗಳು ಮುಂದೆ ಚಾಚಿದವು.

ಇಷ್ಟು ವರ್ಷ ಎತ್ತಿದ್ದನಲ್ಲ, ಆಗೆಲ್ಲ ಕಂಬನಿಗೆ ಕಾಣುತ್ತಿದ್ದದ್ದು ಮಹಡಿಯ ತೊಲೆಗಳು ಮಾತ್ರ. ಯಾವ ತೊಲೆಯಲ್ಲಿ ಎಷ್ಟು ಬಿರುಕಿದೆ ಎಂದು ಅವನಿಗೆ ಗೊತ್ತಿತ್ತು. ಈಗ ಚರ್ಮದ ಹಾಳೆಯ ಮೇಲಂಚಿನ ಆಚೆ, ಕೈಯಳತೆಯಲ್ಲಿ, ಮುಖಗಳು. ಗಾಣದವನ ಮುಖ, ಅವನ ತಮ್ಮನದು, ಹೋದ ವರ್ಷ ಹೆಂಡತಿಯನ್ನು ಮಣ್ಣು ಮಾಡಿಬಂದ ಗಡಿಯಾರ ರಿಪೇರಿಯವನದು. ಅಕ್ಷರಗಳ ಹಿಂದೆ ಅವರ ಕಣ್ಣುಗಳು ಬಲದಿಂದ ಎಡಕ್ಕೆ ನಡೆಯುತ್ತಿದ್ದವು. ಸಾಲು ಮುಗಿದು ಹಿಂದಕ್ಕೆ ಬಂದು ಮತ್ತೆ ನಡೆಯುತ್ತಿದ್ದವು. ಗಡಿಯಾರದವನ ತುಟಿ ಅಲುಗುತ್ತಿತ್ತು. ಓದುವವರ ಮುಖ ಓದುವಾಗ ಹೀಗಿರುತ್ತದೆ ಎಂದು ಅವನು ಕಂಡಿರಲಿಲ್ಲ.

"ಕೂತ್ಕೊಳ್ಳೋಣವೇನೋ?" ದರ್ಜಿ ಏದುಸಿರು ಬಿಟ್ಟ. "ನನ್ನ ಪ್ರಾಣ ಹೋದರೆ ನಾಳೆ ಅಂಗಿ ಹೊಲಿಯೋರು ಯಾರು?"

ಕಟ್ಟೆಯ ಪಕ್ಕದ ಬೆಂಚಿನ ಮೇಲೆ ಕಂಬನನ್ನು ಅಳಿಯ ಹಿಂದಿನಿಂದ ಆಸರೆ ಕೊಟ್ಟು ಕೂರಿಸಿದ. ಸುರುಳಿ ಅವನ ತೊಡೆಯ ಮೇಲೆ ಬಂದು ನಿಂತಿತು. ದರ್ಜಿ ಎರಡು ಕೋಲುಗಳನ್ನೂ ಕೂಡಿಸಿ, ಸುತ್ತಿ, ಪಟ್ಟಿ ಕಟ್ಟಿ, ಹೊಸ ಒಳಬಟ್ಟೆಯ ಅಂಗಿ ತೊಡಿಸಿದ. ಗಂಟು ಎರಡು ಸಲ ತಪ್ಪಿತು. ಜಾಲರಿಯ ಹಿಂದಿನಿಂದ ಯಾರೋ ಗಟ್ಟಿಯಾಗಿ ಮೂಗು ಸೀಟಿಕೊಂಡರು. ಯಾರೆಂದು ಕಂಬನಿಗೆ ಗೊತ್ತು. ಅಷ್ಟು ಜೋರಾಗಿ ಸೀಟುವವಳು ಊರಿಗೆ ಒಬ್ಬಳೇ.

ಯಾರೂ ಬಂದು ಬೆನ್ನು ತಟ್ಟಲಿಲ್ಲ, ಯಾರೂ ಅಯ್ಯೋ ಪಾಪ ಎನ್ನಲಿಲ್ಲ. ಅವರವರ ಬೆಂಚಿಗೆ ಹೋಗಿ ಕೂತರು. ಅಳಿಯ ಮಾತ್ರ ಹೋಗುವ ಮುಂಚೆ ಒಂದು ಗಳಿಗೆ ನಿಂತ.

"ಹೆಜ್ಜೆ ಹಿಂದಕ್ಕಿಡೋ ಮುಂಚೆ ಮಂಡಿ ನೆಟ್ಟಗೆ ಮಾಡಬೇಕು," ಎಂದ ಕಂಬ ಅವನ ಕಡೆ ನೋಡದೆ. "ಅಲ್ಲಿ ಆತುರ ಪಟ್ಟರೆ ಕೆಟ್ಟೆ. ನಾಳೆ ಮನೆಗೆ ಬಾ. ಹಾಸಿಗೆ ಕಟ್ಟಿಡ್ತೀನಿ."

"ಹಾಸಿಗೆಯಾ ಮಾವ?"

"ಬಾ, ಗೊತ್ತಾಗುತ್ತೆ."

ಅಳಿಯ ತಲೆಯಾಡಿಸಿ ಹೋದ. ದರ್ಜಿ ಹೋಗಲಿಲ್ಲ.

"ನಿನ್ನ ಜಾಗಕ್ಕೆ ಹೋಗೋ," ಎಂದ ಕಂಬ.

"ಕಾಲಲ್ಲಿ ಜೀವ ಇಲ್ಲ ಕಣೋ. ಸ್ವಲ್ಪ ಜರುಗು."

ಕಂಬ ಜರುಗಿದ. ದರ್ಜಿ ಅವನ ಎಡ ಪಕ್ಕಕ್ಕೆ ಒತ್ತಿಕೊಂಡು ಕೂತ. ಅವನ ಪಾದ ನೆಲಕ್ಕೆ ಪೂರ್ತಿ ಎಟುಕುತ್ತಿರಲಿಲ್ಲ.

ಗುರುಗಳು ಆ ವಾರಕ್ಕೆ ಸಲ್ಲುವ ಪ್ರವಾದಿಯ ಮಾತು ತೆಗೆದರು. ಮೊದಲು ಹಳೆಯ ಭಾಷೆಯಲ್ಲಿ ರಾಗವಾಗಿ ಓದಿದರು. ಆಮೇಲೆ ಅದು ಬಾರದವರಿಗೆಂದು ನಿಧಾನವಾಗಿ ಬಿಡಿಸಿ ಹೇಳಿದರು: ಆಕಾಶ ಹರಡಿದವನು, ನೆಲದ ಮೇಲೆ ನಡೆಯುವವರಿಗೆ ಉಸಿರು ಕೊಟ್ಟವನು ಹೀಗನ್ನುತ್ತಾನೆ, ನಾನೇ ನಿನ್ನನ್ನು ಕರೆದೆ, ನಾನೇ ನಿನ್ನ ಕೈ ಹಿಡಿದೆ. ಕಿಟಕಿಯಿಂದ ಬಿಸಿಲು ಬಂದು ಮಖಮಲ್ಲಿನ ಮೇಲೆ ಬಿದ್ದಿತ್ತು. ಓದು ಇನ್ನೂ ಬಹಳ ಇತ್ತು.

ದರ್ಜಿಯ ತಲೆ ಒಂದು ಸಲ ಮುಂದಕ್ಕೆ ತೂಗಿ ಮೇಲೆದ್ದಿತು. ಇನ್ನೊಂದು ಸಲ ತೂಗಿತು. ಮೂರನೇ ಸಲ ಪಕ್ಕಕ್ಕೆ ವಾಲಿ, ಕಂಬನ ನೋಯುವ ಭುಜದ ಮೇಲೆ ಬಂದು ಒರಗಿತು. ಸಣ್ಣಗೆ ಗೊರಕೆಯೂ ಶುರುವಾಯಿತು. ಮುಂದಿನ ಬೆಂಚಿನವರು ತಿರುಗಿ ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಕಂಬ ಸುರುಳಿಯನ್ನು ಬಲತೋಳಿಗೆ ಆನಿಸಿಕೊಂಡು, ಎಡ ಭುಜವನ್ನು ಅಲುಗಿಸದೆ, ಉಸಿರನ್ನೂ ಮೆಲ್ಲಗೆ ಬಿಡುತ್ತಾ ಕೂತ.